ಗೋಡೆಗೆ ತಿರುಗಿಸಿಟ್ಟ ಗಿಳಿ

ನನ್ನ ಜಾಗಕ್ಕೆ ಜಕ್ಕಲಿಯಿಂದ ಬಂದಿರುವ ಸುಜಾತಾ ಎಂಬ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ‘ಸರ್, ಲ್ಯಾಪ್‌ಟಾಪಿನ ನೆತ್ತಿ ಮ್ಯಾಲ ಯಾರೋ ಟಿಕಳಿ ಹಚ್ಯಾರ್ರಿ. ಕ್ಯಾಮೆರಾ ಮುಚ್ಚೇತಿ. ತಗದ ಒಗೀಲೇನ್ರಿ?’ ಎಂದು ಕೇಳಿದಳು. ‘ಅದನ್ನ ಮುಟ್ಟಬ್ಯಾಡವ್ವಾ’ ಎಂದು ನಾನು ಸ್ವಲ್ಪ ಜೋರಾಗಿಯೇ ಹೇಳಿರಬೇಕು, ಹುಡುಗಿ ‘ಹೂಂರಿ’ ಎಂದು ಫೋನ್ ಇಟ್ಟಳು. ಹಣೆಗೆ ಹಚ್ಚುವ ಟಿಕಳಿ ಲ್ಯಾಪ್‌ಟಾಪಿಗೆ ಯಾಕೆ ಬಂತು ಎಂಬುದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯಲು ಕುಳಿತೆ. ಈ ಕೆಲಸಕ್ಕೆ ಹೊಸದಾಗಿ ಬರುವ ಬೇರೆ ಯಾರಾದರೂ ಓದಿದರೂ ಅಡ್ಡಿಯಿಲ್ಲ.

ನಾನು ಗಜೇಂದ್ರಗಡದ ನೇಕಾರರ ಸಂಘವೊಂದರಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತನಾದವನು. ಹೆಸರು ಹುಸೇನಸಾಬ. ಆದರೆ ಯಾವ ಮಗ್ಗದ ಮನೆಯಲ್ಲೂ ನನ್ನನ್ನು ಆ ಹೆಸರಿನಿಂದ ಕರೆದವರಿಲ್ಲ, ನಕ್ಷೆ ಮಾಸ್ತರ ಎಂದರೇ ಗೊತ್ತು. ಸೀರೆಯ ದಡಿಯ, ಅಂದರೆ ಅಂಚಿನ ಮೇಲೆ ಹೂವು, ಬಳ್ಳಿ, ಹಕ್ಕಿ ಏನೇ ಬರಬೇಕಾದರೂ ಮೊದಲು ಅದನ್ನು ಚೌಕಳಿ ಕಾಗದದ ಮೇಲೆ ಬರೆಯಬೇಕು. ಒಂದು ಚೌಕವೆಂದರೆ ಒಂದು ಎಳೆ. ಬಣ್ಣ ತುಂಬಿದ ಚೌಕದ ಎಳೆ ಮೇಲೇಳಬೇಕು, ಖಾಲಿ ಚೌಕದ್ದು ಕೆಳಗೇ ಇರಬೇಕು. ಆ ಕಾಗದ ನೋಡಿಕೊಂಡು ರಟ್ಟುಗಳಿಗೆ ತೂತು ಹೊಡೆದು, ರಟ್ಟುಗಳನ್ನು ಒಂದಕ್ಕೊಂದು ಹೊಲಿದು ಮಗ್ಗದ ತಲೆಗೆ ಏರಿಸಿದರೆ, ನೇಕಾರ ಕಾಲು ಒತ್ತಿದಂತೆಲ್ಲ ಹಕ್ಕಿ ಬಟ್ಟೆಗೆ ಇಳಿಯುತ್ತದೆ. ಕೇಳಲು ಇಷ್ಟೇ. ಒಂದು ಚೌಕ ತಪ್ಪಿದರೆ ಹಕ್ಕಿಗೆ ಮೂರನೇ ಕಾಲು ಬರುತ್ತದೆ, ಅದೂ ಒಂದು ಹಕ್ಕಿಗಲ್ಲ, ಸೀರೆಯುದ್ದಕ್ಕೂ ಎಲ್ಲ ಹಕ್ಕಿಗಳಿಗೂ ಬರುತ್ತದೆ. ನನ್ನ ಮೊದಲ ವರ್ಷದಲ್ಲಿ ಹಾಗೆ ಬಂದ ಒಂದು ಸೀರೆಯನ್ನು ನನ್ನ ಹೆಂಡತಿ ಮನೆಯೊಳಗೆ ಮಾತ್ರ ಉಟ್ಟು ಹರಿದಳು.

ನನಗೆ ಕೈ ಹಿಡಿದು ಕಲಿಸಿದವರು ಉಸ್ತಾದ್ ಮೆಹಬೂಬಸಾಬರು. ಅವರು ಹೊಗಳಿದ್ದನ್ನು ನಾನು ಕೇಳಿದ್ದೇ ಇಲ್ಲ, ಬೈಗುಳಕ್ಕೆ ಮಾತ್ರ ಬರವಿರಲಿಲ್ಲ. ಅವರು ರಟ್ಟು ಹೊಲಿಯುವಾಗ ಯಾವತ್ತೂ ಕೆಂಪು ದಾರವನ್ನೇ ಹಾಕುತ್ತಿದ್ದರು. ನಾನು ಸೇರಿದ ದಿನ ಅವರು ಕಲಿಸಿದ್ದು ಬರೆಯುವುದನ್ನಲ್ಲ, ಹಲಗೆ ತಿರುಗಿಸುವುದನ್ನು. ಒಬ್ಬ ನೇಕಾರನ ನಕ್ಷೆ ಹಲಗೆಯ ಮೇಲಿದ್ದಾಗ ಮತ್ತೊಬ್ಬನ ಚಪ್ಪಲಿ ಸಪ್ಪಳ ಅಂಗಳದಲ್ಲಿ ಕೇಳಿದರೆ ಸಾಕು, ಹಲಗೆಯ ಮುಖ ಗೋಡೆಗೆ ಆಗಬೇಕು. ಕೆಲಸ ಮುಗಿದ ಮೇಲೆ ನಕ್ಷೆ, ರಟ್ಟು ಎರಡನ್ನೂ ಆ ಮನೆಯವರ ಕೈಗೆ ಒಪ್ಪಿಸಬೇಕು, ನಮ್ಮ ಹತ್ತಿರ ಒಂದು ಗೆರೆಯೂ ಉಳಿಯಬಾರದು. ‘ನಕ್ಷೆ ಅಂದ್ರ ಆ ಮನಿ ಮಗಳಿದ್ದಂಗ. ನಾವು ಬರೀ ತಲಿ ಬಾಚಿ ಕಳಸಾವ್ರು’ ಎನ್ನುತ್ತಿದ್ದರು. ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡು ಬದುಕುವ ಜನ, ಹಾಲು ಮೊಸರು ಕೊಟ್ಟು ತೆಗೆದುಕೊಳ್ಳುವ ಜನ, ದಡಿಯ ವಿಷಯ ಬಂತೆಂದರೆ ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ. ಹಾಗಾಗಿ ಸಂಶಯವೆಂಬುದು ನನಗೆ ಕೆಟ್ಟ ಗುಣವಲ್ಲ, ಪಟ್ಟಿ ಪೆನ್ಸಿಲಿನ ಜೊತೆಗೆ ಕೈಗೆ ಬಂದ ಇನ್ನೊಂದು ಹತ್ಯಾರ.

ನನ್ನ ಸರ್ವಿಸಿನ ಕೊನೆಯ ವರ್ಷಗಳಲ್ಲಿ ಸಂಘಕ್ಕೆ ಲ್ಯಾಪ್‌ಟಾಪ್ ಬಂತು. ಸೆಕ್ರೆಟರಿ ಕಲ್ಲನಗೌಡರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಂದು ನನ್ನ ಹಲಗೆಯ ಮೇಲೆಯೇ ಇಟ್ಟರು. ‘ಇನ್ನ ಮ್ಯಾಲ ಇದರಾಗ ಬರೀರಿ ಮಾಸ್ತರ. ಕಾಗದ ಉಳೀತೈತಿ, ಟೈಮ್ ಉಳೀತೈತಿ’ ಎಂದರು. ಅದರ ಬಗ್ಗೆ ನನಗಿಂತ ಹೆಚ್ಚು ಗಾಬರಿ ಅವರಿಗೇ ಇತ್ತು. ಪರದೆಗೆ ಅಂಟಿಸಿ ಬಂದಿದ್ದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲು ಬಿಡಲಿಲ್ಲ. ಸಂಜೆಯಾದರೆ ತಿಜೋರಿಯಲ್ಲಿಟ್ಟು ಕೀಲಿ ಹಾಕಿ ಎರಡು ಸಲ ಜಗ್ಗಿ ನೋಡುತ್ತಿದ್ದರು. ಅಂಥ ದುಬಾರಿ ಸಾಮಾನನ್ನು ಸರಕಾರದವರು ನಮ್ಮಂಥವರಿಗೆ ಸುಮ್ಮನೆ ಯಾಕೆ ಕೊಟ್ಟರು ಎಂಬುದು ನನ್ನ ತಲೆಯಿಂದ ಹೋಗಲೇ ಇಲ್ಲ. ಪರದೆಯ ಮೇಲಂಚಿನ ನಟ್ಟ ನಡುವೆ ಒಂದು ಸಣ್ಣ ಕಣ್ಣು ಬೇರೆ ಇತ್ತು.

ಕಲಿಯಲು ನನ್ನನ್ನು ರೋಣಕ್ಕೆ ಕಳಿಸಿದರು. ಅಲ್ಲಿ ಶಾರದಾ ಟೀಚರ್ ಎಂಬವರು ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಮುಂಜಾನೆಯ ಬಸ್ಸಿಗೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆ. ಪಕ್ಕದಲ್ಲಿ ಕುಳಿತವರು ‘ಏನೈತ್ರಿ ಚೀಲದಾಗ?’ ಎಂದರೆ ‘ಬುತ್ತಿ’ ಎನ್ನುತ್ತಿದ್ದೆ.

ಮೊದಲ ದಿನವೇ ಜಗಳ. ಪಾಸ್‌ವರ್ಡ್ ಎಂಬ ಗುಟ್ಟಿನ ಮಾತು ಹಾಕಬೇಕು ಎಂದರು. ನಾನು ಉಸ್ತಾದರ ಹೆಸರು ಒತ್ತಿದೆ. ಒತ್ತಿದ್ದು ಅಕ್ಷರ, ಪರದೆಯ ಮೇಲೆ ಬಂದದ್ದು ಬರೀ ಕರಿ ಚುಕ್ಕಿ. ‘ಟೀಚರ್, ಇದು ಕೆಟ್ಟೈತ್ರಿ’ ಎಂದೆ. ‘ಕೆಟ್ಟಿಲ್ರಿ, ಬಾಜೂದವರು ಓದಬಾರದಂತ ಮುಚ್ಚತೈತಿ’ ಎಂದರು. ನನಗೆ ಅದು ಮೆಚ್ಚಿಗೆಯಾಯಿತು, ಜೊತೆಗೆ ಇನ್ನೊಂದು ಹುಳ ಹೊಕ್ಕಿತು. ಬಾಜೂದವರಿಗೆ ಮುಚ್ಚಿದ್ದು ಸರಿ, ಅದಕ್ಕೆ ಮಾತ್ರ ಗೊತ್ತಾಯಿತಲ್ಲ?

‘ಅದು ಏನೂ ಮಾಡೂದಿಲ್ರಿ ಮಾಸ್ತರ. ನೀವು ಹೇಳಿದ್ದಷ್ಟ ಮಾಡತೈತಿ’ ಎಂದರು ಟೀಚರ್.

‘ಹಂಗ ಹೇಳಿಕೊಂಡ ಕೆಲಸಕ್ಕ ಬಂದವರನ್ನ ಭಾಳ ಮಂದೀನ ನೋಡೇನ್ರಿ’ ಎಂದೆ. ಆಕೆ ನಕ್ಕರು. ನಾನು ನಗಲಿಲ್ಲ.

ಇಲಿಯಂಥ ಮೌಸ್ ಕೈಗೆ ಒಗ್ಗಲು ದಿನಗಳೇ ಹಿಡಿದವು. ಮೌಸ್ ಮೇಜಿನ ಅಂಚಿಗೆ ಬಂದಾಗ ಎತ್ತಿ ಮತ್ತೆ ನಡುವೆ ಇಡಬಹುದು ಎಂದು ಯಾರೂ ಹೇಳಿರಲಿಲ್ಲ, ನಾನು ಮೇಜನ್ನೇ ಸರಿಸುತ್ತಿದ್ದೆ. ಒಂದು ದಿನ ಅದು ತಾನೇ ಆರಿ, ತಾನೇ ಹತ್ತಿ, ‘ಬಂದ್ ಮಾಡಬೇಡಿ’ ಎಂದು ಬರೆದುಕೊಂಡು ಅರ್ಧ ತಾಸು ಗಿರಗಿರ ತಿರುಗುತ್ತ ಕುಳಿತಿತು. ಒಳಗೆ ಯಾರು ಏನು ಮಾಡುತ್ತಿದ್ದಾರೆ ಎಂದು ಕೇಳಿದರೆ ‘ಅಪ್‌ಡೇಟ್ ಆಗಾಕತ್ತೇತ್ರಿ’ ಎಂಬ ಉತ್ತರ. ನಮ್ಮ ಮನೆಗೆ ಯಾರಾದರೂ ಕೇಳದೆ ಹೊಕ್ಕು ಬಾಗಿಲು ಹಾಕಿಕೊಂಡು ‘ಸುಧಾರಣೆ ಮಾಡಾಕತ್ತೇವಿ’ ಎಂದರೆ ನಾವು ಸುಮ್ಮನಿರುತ್ತೇವೆಯೇ?

ಅಳಿಸುವುದನ್ನು ಕಲಿಸಿದ ದಿನ ನನ್ನ ಸಂಶಯ ಪೂರಾ ಗಟ್ಟಿಯಾಯಿತು. ಅಳಿಸಿದ್ದು ಹೋಗಲಿಲ್ಲ, ಒಂದು ಮೂಲೆಯ ಬುಟ್ಟಿಯಲ್ಲಿ ಬಿದ್ದಿತ್ತು. ‘ಬೇಕಾದ್ರ ವಾಪಸ್ ತಗೋಬಹುದ್ರಿ’ ಎಂದು ಟೀಚರ್ ಹೆಮ್ಮೆಯಿಂದ ತೋರಿಸಿದರು. ಒಂದು ಗೆರೆಯೂ ಉಳಿಯಬಾರದು ಎಂದು ಕಲಿತವನ ಕೈಗೆ ಏನನ್ನೂ ಬಿಟ್ಟುಕೊಡದ ಡಬ್ಬಿ ಕೊಟ್ಟಿದ್ದರು.

ನಿಜ ಹೇಳಬೇಕೆಂದರೆ ಅದು ನನ್ನನ್ನು ಒಲಿಸಿಕೊಂಡ ಗಳಿಗೆಯೂ ಒಂದಿತ್ತು. ಒಂದು ಹೂವಿನ ಚಿತ್ರವನ್ನು ದೊಡ್ಡದು ಮಾಡುತ್ತ ಹೋದೆ. ದೊಡ್ಡದಾಗಿ ದೊಡ್ಡದಾಗಿ ಹೂವು ಮಾಯವಾಗಿ ಚೌಕಗಳು ಉಳಿದವು. ನಮ್ಮ ಚೌಕಳಿ ಕಾಗದವೇ. ಒಂದೊಂದು ಚೌಕಕ್ಕೆ ಒಂದೊಂದು ಬಣ್ಣ. ‘ಅರೆ, ಇದೂ ಸೈತ ನಮ್ಮ ಓಣಿದ ಐತಲ್ಲ’ ಎಂದು ಬಾಯಿ ಬಿಟ್ಟು ಹೇಳಿದೆ. ಅಂದಿನಿಂದ ಕೈ ಓಡಿತು. ಆದರೆ ಓಣಿಯವರೆಲ್ಲ ನಂಬಿಗಸ್ಥರು ಎಂದೇನೂ ಅಲ್ಲವಲ್ಲ.

ಈಗ ನೀಲವ್ವನ ಮಾತು. ನೀಲವ್ವ ನರಗುಂದ ತಾಲ್ಲೂಕಿನ ಕೊಣ್ಣೂರಿನವಳು. ತವರಲ್ಲಿ ಹೊಲ ಬಿಟ್ಟರೆ ಏನೂ ಕಂಡವಳಲ್ಲ, ಮದುವೆಯಾಗಿ ಗಜೇಂದ್ರಗಡದ ಮಗ್ಗದ ಮನೆಗೆ ಬಂದು ಅತ್ತೆಯ ಮಗ್ಗುಲಲ್ಲಿ ಕುಳಿತು ನೇಯ್ಗೆ ಕಲಿತಳು. ಅತ್ತೆ ತೀರಿಕೊಂಡ ಮೇಲೆ ಮನೆ ಪಾಲಾಯಿತು. ದೊಡ್ಡ ಮಗ ಗಂಗಪ್ಪನಿಗೆ ಹಳೆಯ ಮನೆ, ಹೆಚ್ಚಿನ ಮಗ್ಗ, ತಾಯಿಯ ಟ್ರಂಕು. ನೀಲವ್ವನ ಗಂಡನಿಗೆ ಓಣಿಯ ತುದಿಯ ಕೋಣೆ ಮತ್ತು ಒಂದು ಮಗ್ಗ. ಗಂಡ ಮಾತು ಕಡಿಮೆಯ ಮನುಷ್ಯ, ನೇಯುವುದು ಇಬ್ಬರದೂ, ವ್ಯವಹಾರ ಈಕೆಯದು. ‘ಹೊಲದಿಂದ ಬಂದಾಕಿ ಏನ ನೇಯ್ದಾಳು’ ಎಂದು ಗಂಗಪ್ಪನ ಮನೆಯಲ್ಲಿ ಆಡಿಕೊಂಡದ್ದು ಈಕೆಯ ಕಿವಿಗೂ ಬಿದ್ದಿತ್ತು.

ಒಂದು ಮಧ್ಯಾಹ್ನ ಆಕೆ ನನ್ನ ಹತ್ತಿರ ಬಂದು ದನಿ ಇಳಿಸಿ ಹೇಳಿದಳು. ‘ಮಾಸ್ತರ, ನರಗುಂದದ ಅಂಗಡಿಯವ್ರು ನಮ್ಮ ಸೀರಿ ತಗೋತೇವಿ ಅಂದಾರ್ರಿ. ಆದ್ರ ಬ್ಯಾರೆ ಯಾರ ಕಡೆನೂ ಇಲ್ಲದ ದಡಿ ಬೇಕಂತ. ನಮ್ಮತ್ತಿ ಒಂದ ಗಿಳಿ ನೇಯತಿದ್ಲು, ಹಿಂದಕ ಹೊಳ್ಳಿ ನೋಡೂ ಗಿಳಿ. ಅದನ್ನ ಬರದ ಕೊಡ್ರಿ. ಇದೊಂದ ನಡೀತಂದ್ರ ನಾವು ನಮ್ಮ ಕಾಲ ಮ್ಯಾಲ ನಿಂತಂಗ.’

ಆಕೆಯ ಹತ್ತಿರ ಆ ಸೀರೆಯ ಒಂದು ತುಂಡೂ ಇರಲಿಲ್ಲ, ಇದ್ದದ್ದು ನೆನಪು. ನಾನು ಲ್ಯಾಪ್‌ಟಾಪಿನಲ್ಲಿ ಬರೆಯುತ್ತ ಹೋದೆ, ಆಕೆ ಪಕ್ಕದಲ್ಲಿ ಕುಳಿತು ತಿದ್ದುತ್ತ ಹೋದಳು. ಕೊರಳು ಇನ್ನೂ ಹೊರಳಬೇಕು, ಬಾಲ ಇನ್ನೂ ಇಳಿಯಬೇಕು. ಕೆಲವು ದಿನ ಹೀಗೆ ನಡೆದು ಒಮ್ಮೆ ಆಕೆ ತಿದ್ದುವುದನ್ನು ನಿಲ್ಲಿಸಿದಳು, ಕಣ್ಣಲ್ಲಿ ನೀರು ಬಂತು. ಗಿಳಿ ಬಂದಿದೆ ಎಂದು ನನಗೆ ತಿಳಿಯಿತು. ಇನ್ನು ರಟ್ಟಿಗೆ ತೂತು ಹೊಡೆಯುವುದು ಉಳಿದಿತ್ತು.

ಮರುದಿನ ಗಂಗಪ್ಪ ಬಂದ. ಅಂಗಳದಲ್ಲಿ ಆತನ ಕೆಮ್ಮು ಕೇಳಿದ್ದೇ ನಾನು ಲ್ಯಾಪ್‌ಟಾಪಿನ ಮುಚ್ಚಳ ಹಾಕಿದೆ. ನನ್ನ ಲೆಕ್ಕದಲ್ಲಿ ಹಲಗೆಯನ್ನು ಗೋಡೆಗೆ ತಿರುಗಿಸಿದ್ದಾಯಿತು. ಮುಚ್ಚಳ ಹಾಕಿದರೆ ಅದು ಮಲಗುತ್ತದೆ ಎಂದು ಶಾರದಾ ಟೀಚರ್ ಹೇಳಿದ್ದರು, ಮಲಗಿ ಎದ್ದಾಗ ಏನು ಮಾಡುತ್ತದೆ ಎಂದು ನಾನು ಕೇಳಿರಲಿಲ್ಲ. ಗಂಗಪ್ಪ ತನ್ನದೊಂದು ಬಳ್ಳಿಯ ದಡಿಯ ವಿಷಯ ಮಾತಾಡಿ, ‘ಅದರಾಗ ಹ್ಯಾಂಗ ಕಾಣತೈತಿ, ತೋರಸ್ರಿ ನೋಡೂಣು’ ಎಂದ. ನಾನು ಹುಮ್ಮಸ್ಸಿನಿಂದ ಮುಚ್ಚಳ ಎತ್ತಿದೆ. ಪರದೆ ತುಂಬ ಗಿಳಿ! ಹಿಂದಕ್ಕೆ ಹೊರಳಿ ಗಂಗಪ್ಪನನ್ನೇ ನೋಡುತ್ತಿತ್ತು.

ಮುಚ್ಚಳವನ್ನು ಮತ್ತೆ ಬಡಿದು ಹಾಕಿದೆ. ಗಂಗಪ್ಪ ಅದು ಯಾರದೆಂದೂ ಕೇಳಲಿಲ್ಲ. ಅದೇ ನನಗೆ ಹೆಚ್ಚು ಅಂಜಿಕೆ ತಂದದ್ದು. ‘ಚಲೋ ಐತ್ರಿ ಗಿಳಿ’ ಎಂದು ಬಂದ ಕೆಲಸ ಬಿಟ್ಟು ಹೊರಟುಹೋದ. ಹಲಗೆ ಹಾಗೆ ಯಾವತ್ತೂ ಮಾಡಿರಲಿಲ್ಲ. ಗೋಡೆಗೆ ತಿರುಗಿಸಿದರೆ ಗೋಡೆಗೇ ಇರುತ್ತಿತ್ತು.

ಸಂಘಕ್ಕೆ ಬಂದಿದ್ದ ಜಾಕೀಟು ಬಟ್ಟೆಯ ದೊಡ್ಡ ಆರ್ಡರಿನಿಂದ ತೂತು ಹೊಡೆಯುವ ಯಂತ್ರಕ್ಕೆ ಬಿಡುವಿರಲಿಲ್ಲ, ಗಿಳಿಯ ರಟ್ಟು ಹಿಂದೆ ಬಿತ್ತು. ಕೆಲವು ವಾರ ಕಳೆದಿರಬೇಕು. ನೀಲವ್ವ ಒಂದು ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಮುಖ ಕೆಂಪೇರಿತ್ತು. ಸಂಘದ ಕಟ್ಟೆಯ ಮೇಲೆ ನಾಲ್ಕು ಜನ ಕುಳಿತಿದ್ದರು, ಅವರೆದುರಿಗೇ ಕೇಳಿದಳು.

‘ಮಾಸ್ತರ, ಭಾವನ ಮಗ್ಗದ ಮ್ಯಾಲ ನನ್ನ ಗಿಳಿ ಐತ್ರಿ. ಕಿಡಕ್ಯಾಗಿಂದ ನನ್ನ ಕಣ್ಣಿಲೆ ನೋಡೇನಿ. ನಿಮ್ಮ ಕೈಯಿಂದಲ್ಲಂದ್ರ ಎಲ್ಲಿಂದ ಹೋತ್ರಿ ಅದು?’

ನನ್ನ ಸರ್ವಿಸಿನಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಗಂಗಪ್ಪ ಪರದೆ ನೋಡಿದ್ದನ್ನು ಅಲ್ಲೇ ಹೇಳಿಬಿಟ್ಟೆ. ಬಚ್ಚಿಟ್ಟರೆ ಇನ್ನೂ ಕೆಡುತ್ತಿತ್ತು. ಆದರೆ ಒಂದು ಕ್ಷಣ ನೋಡಿದವನು ಅಷ್ಟು ಲಗೂ ಇಡೀ ದಡಿ ಹೇಗೆ ಮಗ್ಗಕ್ಕೆ ಏರಿಸಿದ? ಪೆನ್‌ಡ್ರೈವ್‌ಗೆ ಯಾರಾದರೂ ಇಳಿಸಿಕೊಂಡರೇ? ತಿಜೋರಿಯ ಕೀಲಿ ಇದ್ದದ್ದು ಕಲ್ಲನಗೌಡರ ಹತ್ತಿರ. ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಆ ‘ಅಪ್‌ಡೇಟ್’ ನೆನಪಾಯಿತು. ಮೇಲಿನ ಸಣ್ಣ ಕಣ್ಣೂ ನೆನಪಾಯಿತು.

‘ಅಳಿಸ್ರಿ’ ಎಂದಳು ನೀಲವ್ವ. ‘ನನ್ನ ಮುಂದ ಅಳಿಸ್ರಿ. ನನಗಿಲ್ಲಂದ್ರ ಯಾರಿಗೂ ಬ್ಯಾಡ.’

ಅಳಿಸಿದೆ. ಗಿಳಿ ಪರದೆಯಿಂದ ಹೋಯಿತು.

‘ಎಲ್ಲಿ ಹೋತ್ರಿ?’

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ‘ಇಲ್ಲೇ ಬುಟ್ಟ್ಯಾಗ ಐತವ್ವಾ’ ಎಂದು ತೋರಿಸಿದೆ.

‘ಅಂದ್ರ ಹೋಗಿಲ್ಲ.’

ಬುಟ್ಟಿಯನ್ನೂ ಖಾಲಿ ಮಾಡಿದೆ. ಕಾಗದ ಹರಿದಂಥ ಸಪ್ಪಳವಾಯಿತು. ‘ಈಗ ಹೋತವ್ವಾ’ ಎಂದೆ.

ಆಕೆ ನನ್ನನ್ನೇ ನೆಟ್ಟಗೆ ನೋಡಿದಳು. ‘ಹೋಗಿದ್ದು ನಿಮಗ ಗೊತ್ತೈತೋ, ಇಲ್ಲಾ ಅದು ಹೇಳಿದ್ದನ್ನ ನೀವು ಹೇಳಾಕತ್ತೀರೋ?’

ನಾನು ಖಾಲಿ ಬುಟ್ಟಿಯನ್ನು ಮತ್ತೊಮ್ಮೆ ಒತ್ತಿ ನೋಡಿದೆ.

ಆಕೆ ಹೋದ ಮೇಲೆ ನನಗೆ ಅಲ್ಲಿ ಕೂರಲಾಗಲಿಲ್ಲ. ನೆಟ್ಟಗೆ ಗಂಗಪ್ಪನ ಮನೆಗೆ ನಡೆದೆ. ನಕ್ಷೆ ಮಗ್ಗದ ಮೇಲಿದ್ದಾಗ ಬೇರೆಯವರು ಮಗ್ಗದ ಕೋಣೆಗೆ ಹೋಗುವ ರೂಢಿಯಿಲ್ಲ. ಹೊಸ್ತಿಲ ಹೊರಗೆ ನಿಂತು ಕರೆದೆ. ಗಂಗಪ್ಪ ಕೈಯೊರೆಸಿಕೊಳ್ಳುತ್ತ ಬಂದ.

‘ಗಿಳಿ ನೇಯಾಕತ್ತೀಯಂತಲ್ಲ. ನಕ್ಷೆ ಯಾರು ಬರದ ಕೊಟ್ರು?’ ಎಂದೆ. ದನಿ ನನಗೇ ಒರಟಾಗಿ ಕೇಳಿಸಿತು.

ಗಂಗಪ್ಪ ನನ್ನ ಹಿಂದೆ ನೋಡಿದ. ನಾನೂ ತಿರುಗಿದೆ. ನೀಲವ್ವ ನನ್ನ ಬೆನ್ನ ಹಿಂದೆಯೇ ಬಂದು ಓಣಿಯ ತಿರುವಿನಲ್ಲಿ ನಿಂತಿದ್ದಳು. ನಾವಿಬ್ಬರೂ ಸೇರಿ ಏನಾದರೂ ಗುಟ್ಟು ಮಾತಾಡುತ್ತೇವೆಂದು ಬಂದಿರಬೇಕು.

‘ನಿಮ್ಮ ಡಬ್ಬ್ಯಾಗ ಗಿಳಿ ನೋಡಿದ್ದು ಖರೇರಿ ಮಾಸ್ತರ’ ಎಂದ ಗಂಗಪ್ಪ. ‘ಕದ್ದದ್ದು ಮಾತ್ರ ಸುಳ್ಳು. ತಡೀರಿ.’

ಒಳಗೆ ಹೋಗಿ ಎರಡು ಸಾಮಾನು ತಂದು ಕಟ್ಟೆಯ ಮೇಲಿಟ್ಟ. ಒಂದು, ಅಂದೇ ಮಗ್ಗದಿಂದ ಇಳಿದ ಸೀರೆ. ಇನ್ನೊಂದು, ಆ ದಡಿಯ ರಟ್ಟಿನ ಕಟ್ಟು. ರಟ್ಟುಗಳು ಹಳೆಯವು, ಅಂಚು ಸವೆದು ಕಂದಿದ್ದವು. ಹೊಲಿದದ್ದು ಕೆಂಪು ದಾರದಲ್ಲಿ. ನನ್ನ ಉಸ್ತಾದರ ಕೈ. ಅವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಲ್ಯಾಪ್‌ಟಾಪನ್ನು ಅವರು ಕನಸಿನಲ್ಲಿಯೂ ಕಂಡವರಲ್ಲ. ಆ ದಾರ ಮುಟ್ಟಿದಾಗ ನನಗಾದ ನಿರಾಳವನ್ನು ಹೇಳಲಾರೆ. ಗಿಳಿ ನನ್ನ ಕೈಯಿಂದ ಹೋಗಿರಲಿಲ್ಲ.

ನೀಲವ್ವ ಹತ್ತಿರ ಬಂದಳು. ಕೆಂಪು ದಾರದ ಅರ್ಥ ಅವಳಿಗೂ ಗೊತ್ತಿತ್ತು. ಆದರೆ ಅವಳ ಕಣ್ಣು ರಟ್ಟಿನ ಮೇಲಿರಲಿಲ್ಲ, ಸೀರೆಯ ಮೇಲಿತ್ತು. ಬಾಗಿ ದಡಿಯ ಗಿಳಿಯ ಕೊಕ್ಕಿನ ಮೇಲೆ ಬೆರಳಿಟ್ಟಳು.

‘ಇದೇನ್ರಿ ಭಾವಾ, ಬಾಯಾಗ?’

‘ಹಣ್ಣು’ ಎಂದ ಗಂಗಪ್ಪ. ‘ಅವ್ವನ ಗಿಳಿ ಬಾಯಾಗ ಹಣ್ಣು ಇರತಿತ್ತು.’

‘ಇರಲಿಲ್ರಿ. ನಾ ಆಕಿ ಮಗ್ಗಲ್ದಾಗ ಕುಂತ ಕಲತೇನಿ. ಬಾಯಿ ಖಾಲಿ ಇರತಿತ್ತು.’

ಆ ಹಣ್ಣು ರಟ್ಟಿನಿಂದ ಬರುವಂಥದ್ದಲ್ಲ, ಕೆಂಪು ರೇಷ್ಮೆಯ ಸಣ್ಣ ಎಳೆಯನ್ನು ಪ್ರತಿ ಗಿಳಿಗೂ ಕೈಯಿಂದ ತೂರಿಸಿ ತುಂಬಬೇಕು. ‘ನೀ ನಮ್ಮ ಮನಿಗೆ ಬರೂದ್ರಾಗ ಅವ್ವಗ ಕಣ್ಣ ಮಂಜಾಗಿದ್ವು’ ಎಂದ ಗಂಗಪ್ಪ. ‘ಎಳಿ ಕಾಣತಿರಲಿಲ್ಲ, ತಪ್ಪತಿದ್ವು. ಹಣ್ಣ ಬಿಟ್ಟಬಿಟ್ಲು. ಯಾರ ಮುಂದನೂ ಅಂದಾಕಿ ಅಲ್ಲ. ಮಾಸ್ತರ ಡಬ್ಬ್ಯಾಗ ಗಿಳಿ ಬಾಯಿ ಖಾಲಿ ಇದ್ದದ್ದು ನೋಡಿ ಅವ್ವನ ಹಣ್ಣ ನೆನಪಾತು. ಆವತ್ತ ಅಟ್ಟ ಹತ್ತಿ ಆಕಿ ರಟ್ಟ ಇಳಿಸಿದೆ. ಮಾರಾಕ ಅಲ್ಲವ್ವಾ. ಮಗಳ ಮದುವಿಗೆ ಒಂದ ಸೀರಿ, ಅಷ್ಟ.’

ನೀಲವ್ವ ಬೆರಳು ತೆಗೆಯಲಿಲ್ಲ. ‘ನಮ್ಮತ್ತಿ ಹಣ್ಣ ಇಡತಿದ್ಲೇನ್ರಿ?’ ಎಂದು ಮತ್ತೆ ಕೇಳಿದಳು. ಆಕೆ ಅಳುತ್ತಿದ್ದಳು. ಕಣ್ಣು ಕಾಣದ ಮುದುಕಿಯ ಪಕ್ಕದಲ್ಲಿ ಅಷ್ಟು ವರ್ಷ ಕುಳಿತೂ ಅದು ತನಗೆ ತಿಳಿಯಲಿಲ್ಲವಲ್ಲ ಎಂಬ ಸಂಕಟ ಅದು. ನಾನು ಅಲ್ಲಿಂದ ಹೊರಟು ಬಂದೆ, ಅದು ಅವರ ಮನೆಯ ಮಾತು.

ವಾರ ಬಿಟ್ಟು ನೀಲವ್ವ ಸಂಘಕ್ಕೆ ಬಂದಳು. ಕಟ್ಟೆಯ ಮೇಲೆ ಅವತ್ತೂ ಜನರಿದ್ದರು. ಅವರಿಗೆಲ್ಲ ಕೇಳುವಂತೆ, ‘ಮಾಸ್ತರದು ಏನೂ ತಪ್ಪಿರಲಿಲ್ರಿ, ನಾನ ಬಾಯಿ ಸಡ್ಲ ಬಿಟ್ಟೆ’ ಎಂದು ಹೇಳಿ ಒಳಗೆ ಬಂದು ಪಕ್ಕದಲ್ಲಿ ಕುಳಿತಳು. ಗಿಳಿಯನ್ನು ಮೊದಲಿನಿಂದ ಬರೆಯಬೇಕಾಯಿತು. ಈ ಸಲ ಕಾಗದದ ಮೇಲೆ ಬರೆಯಲೇ ಎಂದು ಕೇಳಿದೆ. ಬೇಡ, ನರಗುಂದದವರು ಅವಸರ ಮಾಡುತ್ತಿದ್ದಾರೆ, ಅದರಲ್ಲೇ ಆಗಲಿ ಎಂದಳು. ಕೊಕ್ಕಿಗೆ ಬಂದಾಗ ಕೈ ನಿಲ್ಲಿಸಿದೆ.

‘ಹಣ್ಣಿಗೆ ಜಾಗ ಬಿಡ್ಲೇನವ್ವಾ?’

‘ಬ್ಯಾಡ್ರಿ. ಅದು ಅವರ ಅವ್ವನ ಗಿಳಿ. ನನಗ ಗೊತ್ತಿದ್ದ ಅತ್ತಿ ಗಿಳಿ ಬಾಯಿ ಖಾಲಿನ ಇತ್ತು.’

ಬರೆದು ಮುಗಿಸಿದೆ. ಶಾರದಾ ಟೀಚರಿಗೆ ಫೋನ್ ಹಚ್ಚಿ ಕೇಳಿ, ಮುಚ್ಚಳ ಹಾಕುವ ಮೊದಲು ಬಂದ್ ಮಾಡುವುದನ್ನು ನೀಲವ್ವನ ಮುಂದೆಯೇ ಮಾಡಿ ತೋರಿಸಿದೆ. ಮತ್ತೆ ತೆರೆದಾಗ ಗಿಳಿ ಇರಲಿಲ್ಲ, ಗುಟ್ಟಿನ ಮಾತು ಕೇಳಿತು. ನೀಲವ್ವ ತಲೆಯಾಡಿಸಿದಳು. ಏಳುವ ಮೊದಲು ಅವಳ ಕಣ್ಣು ಪರದೆಯ ಮೇಲ್ಗಡೆಗೆ ಹೋಯಿತು.

‘ಅದೇನ್ರಿ ಮ್ಯಾಲ, ಕಣ್ಣಿದ್ದಂಗ ಐತಿ?’

‘ಕ್ಯಾಮೆರಾವ್ವಾ. ಅದು ನಾವು ಹೇಳೂಮಟ ನೋಡೂದಿಲ್ಲಂತ.’

‘ಅಂತ ಅದ ಹೇಳಿತೇನ್ರಿ?’ ಎಂದು ನಕ್ಕಳು. ಹಣೆಯ ಟಿಕಳಿ ಕಿತ್ತು ಆ ಕಣ್ಣಿನ ಮೇಲೆ ಒತ್ತಿ ಹಚ್ಚಿ, ಹೆಬ್ಬೆರಳಿನಿಂದ ಇನ್ನೊಮ್ಮೆ ತಿಕ್ಕಿದಳು. ‘ನಿಮ್ಮ ಮ್ಯಾಲ ನನಗ ಸಂಶೇ ಇಲ್ರಿ ಮಾಸ್ತರ. ಇದರದು ಬ್ಯಾರೆ.’

ಸುಜಾತಾ, ನೀನು ನನಗಿಂತ ಚೆನ್ನಾಗಿ ಲ್ಯಾಪ್‌ಟಾಪ್ ಬಲ್ಲೆ, ಆ ಕಣ್ಣು ಸುಮ್ಮನೆ ನೋಡುವುದಿಲ್ಲ ಎಂದು ನನಗೆ ತಿಳಿಸಿ ಹೇಳಲೂಬಲ್ಲೆ. ಇರಬಹುದು. ನೀಲವ್ವ ಈಗ ಹೊಸ ದಡಿಗೆ ನಿನ್ನ ಹತ್ತಿರ ಬರುತ್ತಾಳೆ. ಬಾಗಿಲಲ್ಲಿ ನಿಂತು ಮೊದಲು ನೋಡುವುದು ನಿನ್ನನ್ನಲ್ಲ, ಆ ಟಿಕಳಿಯನ್ನು. ಅದಿದ್ದರೆ ಒಳಗೆ ಬಂದು ಕೂರುತ್ತಾಳೆ, ತನ್ನ ಮನೆಯ ನಕ್ಷೆಯನ್ನು ನಿನ್ನ ಕಿವಿಯಲ್ಲಿ ಹೇಳುತ್ತಾಳೆ. 

ಅಂಟು ಹೋಗಿ ಅದು ಬಿದ್ದರೆ ನೀನು ಬೇರೆಯದನ್ನು ಹಚ್ಚಬೇಡ. ಅವಳನ್ನೇ ಕರೆದು ಹಚ್ಚಿಸು.